ತಂಗಿಗೆ ನೆಗಡಿಯಾದ ದಿನಗಳು

ಗುರುವಾರ, ಮಧ್ಯಾಹ್ನ ಎರಡೂಕಾಲು
ಸಬ್‌ಸ್ಟೇಷನ್ನಿನ ಕಂಟ್ರೋಲ್ ರೂಮಿನ ಕಿಟಕಿ ಪಕ್ಕದ ಮೇಜಿನಿಂದ

ಮುಂದಿನ ಸಾಲಿನ ಮಾನ್ಯರೇ, ನಡುಸಾಲಿನ ತಾಯಂದಿರೇ, ಬೇಲಿ ಹಾರಿ ಬಂದು ಹಿಂದೆ ನಿಂತಿರುವ ಬಿಟ್ಟಿ ರಸಿಕರೇ, ಎಲ್ಲರೂ ದಯಮಾಡಿ ಕೂತುಕೊಳ್ಳಬೇಕು. ಕೆಮ್ಮು ಇದ್ದವರು ಈಗಲೇ ಕೆಮ್ಮಿಕೊಳ್ಳಬೇಕು. ಅಳುವ ಮಕ್ಕಳನ್ನು ಹೊರಗೆ ಎತ್ತಿಕೊಂಡು ಹೋಗಬೇಕು. ಪರದೆ ಏಳುವ ಹೊತ್ತಾಯಿತು.

ಚಿರಂಜೀವಿ ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು. ನಾವು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರು ಎಂದು ಬರೆಯುವುದು ವಾಡಿಕೆ. ಎಂಟು ತಿಂಗಳಿಂದ ನೀನೂ ಬರೆದಿಲ್ಲ, ನಾನೂ ಕೇಳಿಲ್ಲ. ಸಭೆ ಎಂದರೆ ನೀನೊಬ್ಬಳೇ ಎಂದು ನನಗೆ ಗೊತ್ತಿದೆ. ಆದರೆ ಮಾತು ಬಿಟ್ಟ ಮಗಳ ಎದುರು ಒಬ್ಬನೇ ನಿಲ್ಲುವುದಕ್ಕಿಂತ ಸಾವಿರ ಜನರ ಎದುರು ನಿಲ್ಲುವುದು ನನಗೆ ಸಲೀಸು. ಅದಕ್ಕೇ ಜನ ಸೇರಿಸಿದೆ.

ಈ ಕಾಗದ ನಿನ್ನ ಕೈ ಸೇರುವಾಗ ಶುಕ್ರವಾರ ಬೆಳಗಾಗಿರುತ್ತದೆ. ನಿನ್ನಮ್ಮ ಇವತ್ತು ಸಂಜೆ ಆರರ ಬಸ್ಸಿಗೆ ಹೊರಡುತ್ತಾಳೆ. ಅವಳ ಕೈಚೀಲದಲ್ಲಿ ಕಾಗದದ ಜತೆ ಒಂದು ನೋಟ್‌ಪುಸ್ತಕವೂ ಇರುತ್ತದೆ. ಫೋನಿನಲ್ಲಿ ಹೇಳಿದರೆ ಮುಗಿಯಿತಲ್ಲ ಎಂದು ಅವಳೂ ಕೇಳಿದಳು. ಫೋನು ಹಿಡಿದರೆ ನನಗೆ ದನಿ ಏರುತ್ತದೆ, ಮಾತು ಹೊರಡುವುದಿಲ್ಲ. ನೀನು “ಸರಿ ಅಪ್ಪ” ಎಂದು ಇಟ್ಟುಬಿಡುತ್ತೀಯ. ಆ “ಸರಿ ಅಪ್ಪ” ಕೇಳುವ ಧೈರ್ಯ ನನಗಿಲ್ಲ.

ವಿಷಯಕ್ಕೆ ಬರುತ್ತೇನೆ. ನಾಡಿದ್ದು ಶನಿವಾರ ಹನ್ನೊಂದಕ್ಕೆ ನೀನು ವಿದ್ಯುತ್ ಮಂಡಳಿಯ ದೊಡ್ಡವರ ಮುಂದೆ ನಿಂತು ನಿನ್ನ ಲೆಕ್ಕ ತಪ್ಪಿತ್ತು ಎಂದು ಒಪ್ಪಿಕೊಳ್ಳಲಿದ್ದೀಯಂತೆ. ಸೋಮವಾರ ನಮ್ಮ ದೊಡ್ಡ ಸಾಹೇಬರೇ ಕರೆದು ಹೇಳಿದರು. “ನಿಮ್ಮ ಮಗಳು ಪ್ರಾಮಾಣಿಕಳು ಕಣ್ರೀ. ತಪ್ಪಾಯ್ತು ಅಂತ ಅವಳೇ ಬರೆದು ಕಳಿಸಿದ್ದಾಳೆ. ಇನ್ನು ಒಂಬತ್ತು ಸ್ಟೇಷನ್ನಿಗೆ ಅವಳು ಹಾಕಿದ ಅಳತೆ ಉಂಗುರನೂ ಬಿಚ್ಚಿ ವಾಪಸ್ ಕಳಿಸೋದೇ,” ಎಂದರು. ಸೂರ್ಯನ ಬಿರುಗಾಳಿಯಿಂದ ಟ್ರಾನ್ಸ್‌ಫಾರ್ಮರುಗಳನ್ನು ಕಾಪಾಡಬೇಕೆಂದು ನೀನು ಬರೆದ ಯೋಜನೆಯೂ ಅದರ ಜತೆಯೇ ಕಪಾಟು ಸೇರುತ್ತದೆ. ಅವರು ಹೊಗಳುತ್ತಿದ್ದರು, ನಾನು ಟೀ ಲೋಟದ ತಳ ನೋಡುತ್ತಿದ್ದೆ.

ಮಗಳೇ, ನಿನ್ನ ಲೆಕ್ಕ ತಪ್ಪಿಲ್ಲ. ತಪ್ಪು ಇಲ್ಲಿದೆ. ಯಾರ್ಡಿನಲ್ಲಿ, ನಮ್ಮ ತಂಗಿ ಟ್ರಾನ್ಸ್‌ಫಾರ್ಮರಿನ ಬೆನ್ನ ಹಿಂದೆ, ಮೈಗೆ ಹಸಿರು ಬಣ್ಣ ಬಳಿದುಕೊಂಡು ನಿಂತಿದೆ. ಬಣ್ಣ ಬಳಿದವನು ನಾನು.

ಪರದೆ ಎತ್ತಿದ ಕೂಡಲೇ ಕೊಲೆಗಾರ ಇವನೇ ಎಂದು ತೋರಿಸಿಬಿಟ್ಟರೆ ಆಟ ಓಡುವುದಿಲ್ಲ ಎಂದು ನಿನ್ನ ಅಜ್ಜ ಹೇಳುತ್ತಿದ್ದ. ತೋರಿಸಿಬಿಟ್ಟೆ, ಆಯಿತು. ಇನ್ನು ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಹೇಳುತ್ತಾನೆ ಎಂದು ಮೂಗು ಮುರಿಯಬೇಡ. ಹಿಂದಿನ ಬೆಂಚಿನವರಿಗೂ ತಿಳಿಯಬೇಕಲ್ಲ.

ನಿನ್ನ ಅಜ್ಜ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ನಾನು ಬೆಳೆದು ಅದೇ ಕಂಪನಿಯ ಡೈನಮೋ ನೋಡಿಕೊಳ್ಳುವವನಾದೆ, ಸಮಯ ಬಿದ್ದಾಗ ದ್ವಾರಪಾಲಕನೂ ಆದೆ. ಡೇರೆಯ ಹಿಂದೆ ಡೈನಮೋ ಗುಂಯ್ ಎನ್ನುತ್ತಿತ್ತು. ಒಳಗೆ ನಮ್ಮ ನಾಯಕ ನಟ ಹಾರ್ಮೋನಿಯಂ ಬಿಟ್ಟು ಆ ಗುಂಯ್‌ಗೇ ಶ್ರುತಿ ಸೇರಿಸಿ ಹಾಡುತ್ತಿದ್ದ. ರಂಗದಲ್ಲಿ ಒಂದು ದೀಪ ಹೆಚ್ಚಿಗೆ ಹೊತ್ತಿದರೆ ಡೈನಮೋ ಮುಗ್ಗರಿಸುತ್ತಿತ್ತು, ಅದರ ಜತೆ ಯುವರಾಜನ ವಿರಹವೂ ಅರ್ಧ ಸ್ವರ ಇಳಿಯುತ್ತಿತ್ತು. ಆಟ ಮುಗಿದ ಮೇಲೆ ಯುವರಾಜ ಬಂದು ನನ್ನ ಕಿವಿ ಹಿಂಡುತ್ತಿದ್ದ. ನನ್ನ ಕಿವಿ ಹದವಾದದ್ದು ಹಾಗೆ. ಸಂಗೀತ ಕಲಿತಲ್ಲ, ಹಿಂಡಿಸಿಕೊಂಡು.

ಕಂಪನಿ ಮುಚ್ಚಿದ ಮೇಲೆ ಈ ಸಬ್‌ಸ್ಟೇಷನ್ನಿಗೆ ಬಂದೆ. ಮೂವತ್ತೊಂದು ವರ್ಷವಾಯಿತು. ಯಾರ್ಡಿನಲ್ಲಿ ಮನೆಯಷ್ಟು ದೊಡ್ಡ ಎರಡು ಟ್ರಾನ್ಸ್‌ಫಾರ್ಮರು. ಮೊದಲು ಬಂದವಳು ಅಕ್ಕ, ಆರು ವರ್ಷ ಬಿಟ್ಟು ಬಂದವಳು ತಂಗಿ. ವಯಸ್ಸು ಚಿಕ್ಕದು, ಬಾಯಿ ದೊಡ್ಡದು. ನೀನು ಒಂಬತ್ತು ವರ್ಷದವಳಿದ್ದಾಗ ಒಂದು ದಿನ ನಿನ್ನಮ್ಮನಿಗೆ ಜ್ವರ ಬಂದು, ನಿನ್ನನ್ನು ಹಗಲು ಶಿಫ್ಟಿಗೆ ಕರೆದುಕೊಂಡು ಬಂದಿದ್ದೆ. ಇದೇ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದೆ ನೀನು. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ತಿರುಗಿ, “ಅಪ್ಪ, ತಂಗಿಗೆ ನೆಗಡಿ ಆಗಿದೆ,” ಎಂದೆ.

ಕಿವಿಗೊಟ್ಟೆ. ಹೌದು. ತಂಗಿಯ ಎಂದಿನ ಗುಂಯ್‌ಕಾರದ ಅಡಿಯಲ್ಲಿ ಇನ್ನೊಂದು ದನಿ ಹುಟ್ಟಿತ್ತು. ಸರಿಯಾಗಿ ಒಂದು ಸ್ಥಾಯಿ ಕೆಳಗೆ, ಕೆಳಗಿನ ಷಡ್ಜ, ಗಂಟಲು ಕಟ್ಟಿದ ಹಾಗೆ. ಮೀಟರುಗಳೆಲ್ಲ ನೆಟ್ಟಗಿದ್ದವು. ಅರ್ಧ ಗಂಟೆ ಇದ್ದು ತಾನಾಗಿಯೇ ಹೋಯಿತು. ಲಾಗ್‌ಬುಕ್ಕಿನಲ್ಲಿ ನೆಗಡಿ ಎಂದು ಬರೆಯುವ ಕಾಲಂ ಇರಲಿಲ್ಲ. ಪಾತ್ರದ ಮಾತು ಬರೆದುಕೊಳ್ಳುತ್ತಿದ್ದ ನನ್ನ ಹಳೆಯ ನೋಟ್‌ಪುಸ್ತಕ ಕೊಟ್ಟು, ನೀನೇ ಬರಿ ಎಂದೆ. ನೀನು ತಾರೀಖು, ಗಂಟೆ ಬರೆದು, ಕೆಳಗೆ ದಪ್ಪಕ್ಷರದಲ್ಲಿ “ತಂಗಿಗೆ ನೆಗಡಿ” ಎಂದು ಬರೆದೆ. ಆ ಪುಸ್ತಕವೇ ಈಗ ನಿನ್ನ ಮುಂದಿರುವುದು. ಎಲ್ಲಾದರೂ ಕಳೆದುಹೋಗಿರುತ್ತದೆ ಎಂದು ನೀನು ಭಾವಿಸಿರುತ್ತೀಯ.

ನೀನು ಆಮೇಲೆ ಓದಿ, ಆ ನೆಗಡಿಯ ಮೂಲ ಸೂರ್ಯ ಎಂದು ಬಂದು ಹೇಳಿದೆ. ಬಾಹ್ಯಾಕಾಶಕ್ಕೂ ಹವಾಮಾನವಂತೆ. ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಸೂರ್ಯ ಒಮ್ಮೊಮ್ಮೆ ಉಗಿಯುತ್ತಾನೆ. ಒಂದೆರಡು ದಿನಕ್ಕೆ ಅದು ಬಂದು ಭೂಮಿಯ ಕಾಂತಕ್ಕೆ ಬಡಿಯುತ್ತದೆ. ಕಾಂತ ನಡುಗಿದರೆ ನೆಲದಲ್ಲಿ ಕರೆಂಟು ಹುಟ್ಟುತ್ತದೆ. ಮೆತ್ತನೆಯ ಮಣ್ಣಾದರೆ ಮಣ್ಣಿನಲ್ಲೇ ಹರಿದುಹೋಗುತ್ತದೆ. ನಮ್ಮ ಹಾಗೆ ಬಂಡೆಯ ಮೇಲೆ ಕೂತವರ ಪಾಡು ಬೇರೆ. ಬಂಡೆಯಲ್ಲಿ ದಾರಿ ಸಿಗದೆ ಅದು ಅರ್ಥಿಂಗ್ ಪಟ್ಟಿ ಹಿಡಿದು ಮೇಲೆ ಹತ್ತಿ, ಟ್ರಾನ್ಸ್‌ಫಾರ್ಮರಿನ ಹೊಟ್ಟೆ ಹೊಕ್ಕು, ತಂತಿಯ ಮೇಲೆ ನೂರಾರು ಮೈಲಿ ಪ್ರಯಾಣ ಮಾಡಿ ಇನ್ನಾವುದೋ ಊರಿನಲ್ಲಿ ಇಳಿಯುತ್ತದೆ. ಟಿಕೆಟ್ಟಿಲ್ಲದ ಪ್ರಯಾಣಿಕ. ಅವನು ಹೊಟ್ಟೆಯಲ್ಲಿರುವಷ್ಟು ಹೊತ್ತು ತಂಗಿಗೆ ನೆಗಡಿ. ಹೆಚ್ಚು ಮಂದಿ ಹತ್ತಿದರೆ ಜ್ವರ. ಇನ್ನೂ ಹೆಚ್ಚಾದರೆ ತಾಮ್ರದ ಸುರುಳಿ ಸುಟ್ಟು ತಂಗಿಯೇ ಇಲ್ಲ. ಹೊಸಬಳು ಬರಲು ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಆಸ್ಪತ್ರೆಗೂ ನೀರಿನ ಪಂಪಿಗೂ ಅಕ್ಕನೊಬ್ಬಳೇ ದಿಕ್ಕು.

ಎಷ್ಟು ಮಂದಿ ಹತ್ತುತ್ತಾರೆ ಎಂದು ಎಣಿಸುವುದೇ ನಿನ್ನ ಕೆಲಸ. ಹದಿನಾಲ್ಕು ತಿಂಗಳ ಹಿಂದೆ ನೀನು ಬಂದು ತಂಗಿಯ ಸುರುಳಿಗಳೆಲ್ಲ ಒಂದೆಡೆ ಸೇರುವ ನ್ಯೂಟ್ರಲ್‌ನಿಂದ ನೆಲಕ್ಕಿಳಿಯುವ ಕಬ್ಬಿಣದ ಪಟ್ಟಿಗೆ ಒಂದು ಹಳದಿ ಉಂಗುರ ತೊಡಿಸಿದೆ. ಪಟ್ಟಿಯಲ್ಲಿ ಹರಿದದ್ದನ್ನು ಅದು ಕ್ಷಣಕ್ಷಣಕ್ಕೂ ಅಳೆದು ನಿನಗೆ ಕಳಿಸುತ್ತದೆ. ಅವತ್ತು ಯಾರ್ಡಿನಲ್ಲಿ ದೊಡ್ಡ ಸಾಹೇಬರಿದ್ದರು, ನಾಲ್ಕು ಮಂದಿ ಇಂಜಿನಿಯರುಗಳಿದ್ದರು, ನಮ್ಮ ಫಿಟ್ಟರ್ ಇದ್ದ. ನಾನು ಸುಮ್ಮನಿರಬೇಕಿತ್ತು. ಉಂಗುರ ಇರಲಿ, ಅವಳ ದನಿಯನ್ನೂ ಕೇಳಿಸಿಕೋ, ಬಿರುಗಾಳಿಯ ದಿನ ಹೀಗೆ ಕೆಳಗಿನ ಷಡ್ಜ ಹಿಡಿಯುತ್ತಾಳೆ ಎಂದು ಕಿವಿಯ ಮೇಲೆ ಕೈಯಿಟ್ಟು ಹಾಡಿ ತೋರಿಸಿದೆ. ಇಂಜಿನಿಯರುಗಳು ಮುಖ ಮುಖ ನೋಡಿಕೊಂಡರು. ನಿನ್ನ ಮುಖ ಕೆಂಪಾಯಿತು. “ಅಪ್ಪ, ಸುಮ್ನಿರು. ಇದು ನಾಟಕ ಅಲ್ಲ, ಅಳತೆ,” ಎಂದೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ರಂಗದ ಮೇಲೆ ಕಾಲು ಜಾರಿ ಬಿದ್ದ ನಟ ಮೊದಲು ತಾನೇ ನಗಬೇಕು, ಇಲ್ಲದಿದ್ದರೆ ಬಿದ್ದದ್ದು ನಿಜವಾಗಿಬಿಡುತ್ತದೆ. ಆಮೇಲೆ ನೀನು, “ನೆಲಕ್ಕೆ ಹೋಗೋ ದಾರಿ ಇದೊಂದೇನಾ ಅಪ್ಪ?” ಎಂದು ಕೇಳಿದೆ. ನಾನು ಮುನಿಸಿನಲ್ಲಿದ್ದೆ. “ಕಣ್ಣಿಗೆ ಕಾಣಲ್ವಾ? ಒಂದೇ,” ಎಂದೆ. ಅವತ್ತಿಗೆ ಅದು ಸತ್ಯವೇ ಆಗಿತ್ತು.

ಆರು ತಿಂಗಳು ನಿನ್ನ ಲೆಕ್ಕವೂ ಉಂಗುರದ ಅಂಕಿಯೂ ಗಂಡಹೆಂಡಿರ ಹಾಗೆ ಜತೆಯಾಗಿ ನಡೆದವು. ಹದಿನೈದು ಆಂಪಿಯರ್ ಬರಬೇಕು ಎಂದು ನೀನು ಲೆಕ್ಕ ಹಾಕಿದ ದಿನ ಉಂಗುರವೂ ಹದಿನೈದರ ಆಸುಪಾಸು ತೋರಿಸುತ್ತಿತ್ತು. ಉಳಿದ ಎಂಟು ಸ್ಟೇಷನ್ನು ಮೆತ್ತನೆಯ ಮಣ್ಣಿನವು. ಅಲ್ಲಿ ಒಂದೋ ಎರಡೋ ಆಂಪಿಯರ್. ನಿನ್ನ ಲೆಕ್ಕದ ಸತ್ವಪರೀಕ್ಷೆ ನಡೆಯುವುದು ನಮ್ಮ ಬಂಡೆಯ ಮೇಲೆಯೇ.

ಈಗ ಎರಡನೆಯ ಅಂಕ. ಎಂಟು ತಿಂಗಳ ಹಿಂದೆ ತಂಗಿಗೆ ಎರಡು ದಿನದ ಶಟ್‌ಡೌನ್ ಕೊಟ್ಟಿದ್ದರು. ಮರುವಾರ ತಪಾಸಣೆಯವರು ಬರುವುದಿತ್ತು. ಅವರು ನೋಡುವ ತಿಂಗಳ ಫಾರಮ್ಮಿನಲ್ಲಿ ಹದಿನಾಲ್ಕನೆಯ ಪ್ರಶ್ನೆ ಹೀಗಿದೆ: ನ್ಯೂಟ್ರಲ್ ಅರ್ಥಿಂಗ್ ಪಟ್ಟಿಗಳು ಎರಡೂ ಸುಸ್ಥಿತಿಯಲ್ಲಿವೆಯೇ? ಒಂದು ಹೋದರೆ ಇನ್ನೊಂದು ಇರಲಿ ಎಂದು ಎರಡು ಪಟ್ಟಿ ಇರಬೇಕೆನ್ನುವುದು ನಿಯಮ. ಪ್ರತಿ ತಿಂಗಳು ಆ ಪ್ರಶ್ನೆಯ ಮುಂದೆ ಹೌದು ಎಂದು ಬರೆದು ಸಹಿ ಹಾಕುವವನು ನಾನು. ಹನ್ನೊಂದು ವರ್ಷದಿಂದ ಹಾಕುತ್ತಿದ್ದೆ. ನಿನಗೆ “ಒಂದೇ” ಎಂದು ಹೇಳಿದ ದಿನದಿಂದ ಆ ಪ್ರಶ್ನೆ ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ಫಿಟ್ಟರನನ್ನು ಕರೆದುಕೊಂಡು ಹೋದೆ. ಅವನಿಗೆ ಇಲ್ಲಿ ಪಿಸುಮಾತು ಎಂದೇ ಹೆಸರು. ಟೀ ಬೇಕು ಎನ್ನುವುದನ್ನೂ ಗುಟ್ಟು ಹೇಳಿದ ಹಾಗೆ ಹೇಳುತ್ತಾನೆ. ತಂಗಿಯ ಹಿಂದೆ ಪಾಯದ ಪಕ್ಕ ಜಲ್ಲಿ ಸರಿಸಿ ನೋಡಿದೆವು. ಎರಡನೆಯ ಪಟ್ಟಿಯ ಮೇಲಿನ ತುಂಡನ್ನು ಯಾವ ಕಾಲದ ರಿಪೇರಿಯಲ್ಲೋ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಕೆಳಗಿನ ತುಂಡು ತುಕ್ಕು ತಿಂದು ಮೊಳಕಾಲೆತ್ತರಕ್ಕೆ ನಿಂತಿತ್ತು.

ಪಿಸುಮಾತು ಬಗ್ಗಿ ನೋಡಿ ಪಿಸುಗುಟ್ಟಿದ: “ಗುರುಗಳೇ, ಹಾಗಾದ್ರೆ ಹನ್ನೊಂದು ವರ್ಷದಿಂದ ನೀವು ನೋಡ್ತಿದ್ದಿದ್ದು ಯಾವ್ದನ್ನ?”

“ಮೊದಲನೇದನ್ನೇ ಎರಡು ಸಲ,” ಎಂದೆ.

ಅವನು ನಗಲಿಲ್ಲ. ಇಬ್ಬರೂ ಸೇರಿ ಸ್ಟೋರಿನಿಂದ ಹೊಸ ಪಟ್ಟಿ ತಂದು, ನ್ಯೂಟ್ರಲ್‌ನಿಂದ ಎರಡನೆಯ ಅರ್ಥಿಂಗ್ ಗುಂಡಿಗೆ ಇಳಿಸಿ ಬೋಲ್ಟು ಬಿಗಿದೆವು. ಹಸಿರು ಬಣ್ಣ ಹೊಡೆದೆ. ಜಲ್ಲಿ ಮುಚ್ಚಿದೆ. ಲಾಗ್‌ಬುಕ್ಕಿನಲ್ಲಿ ಬರೆಯಲಿಲ್ಲ. ಹೊಸ ಪಟ್ಟಿ ಹಾಕಿದೆವು ಎಂದು ಬರೆದರೆ ಹಳೆಯದು ಇರಲಿಲ್ಲ ಎಂದು ಬರೆದ ಹಾಗೆ. ಹನ್ನೊಂದು ವರ್ಷಕ್ಕೆ ನೂರ ಮೂವತ್ತೆರಡು ಸಹಿ. ನೂರ ಮೂವತ್ತೆರಡು ಸುಳ್ಳು ಎಂದು ಯಾರು ತಾನೇ ತನ್ನ ಕೈಯಾರೆ ಬರೆಯುತ್ತಾರೆ? ತಪಾಸಣೆಯವರು ಬಂದರು, ಎರಡು ಪಟ್ಟಿ ಎಣಿಸಿದರು, ಬೆನ್ನು ತಟ್ಟಿ ಹೋದರು.

ಏನಾಯಿತು ಎಂದು ನಿನಗೆ ಈಗಾಗಲೇ ಹೊಳೆದಿರುತ್ತದೆ. ಹಿಂದಿನ ಬೆಂಚಿನವರಿಗೆ ಹೇಳುತ್ತೇನೆ. ನಮ್ಮ ಹುಡುಗಿ ಒಂದು ಬಾಗಿಲಲ್ಲಿ ಕೂತು ಜನ ಎಣಿಸುತ್ತಿದ್ದಳು. ಅವಳಪ್ಪ ಹಿಂದಿನಿಂದ ಇನ್ನೊಂದು ಬಾಗಿಲು ತೆರೆದ. ಅರ್ಧ ಜನ ಆ ಕಡೆಯಿಂದ ಹೋದರು. ಅವಳು ಇಷ್ಟೇ ಜನ ಬಂದದ್ದು ಎಂದು ಬರೆದುಕೊಂಡಳು.

ತಂಗಿಗೆ ಮತ್ತೆ ಕರೆಂಟು ಕೊಟ್ಟ ನಾಲ್ಕನೆಯ ದಿನ ದೊಡ್ಡ ಬಿರುಗಾಳಿ ಬಂತು. ಇಪ್ಪತ್ತೆರಡು ಆಂಪಿಯರ್ ಬರಬಹುದು ಎಂದು ನೀನು ಮುಂಚೆಯೇ ಎಲ್ಲ ಸ್ಟೇಷನ್ನಿಗೂ ತಿಳಿಸಿದ್ದೆ. ಉಂಗುರ ಒಂಬತ್ತು ತೋರಿಸಿತು. ಸಂಜೆ ಐದಕ್ಕೆ ನಿನ್ನ ಫೋನು. “ಅಪ್ಪ, ಅಲ್ಲೇನಾದ್ರೂ ಬದಲಾಗಿದ್ಯಾ? ಶಟ್‌ಡೌನಲ್ಲಿ ಯಾರಾದ್ರೂ ಏನಾದ್ರೂ ಮುಟ್ಟಿದ್ರಾ?” ನಿನ್ನ ದನಿ ಸಣ್ಣದಾಗಿತ್ತು. ಏನೂ ಬದಲಾಗಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ನನ್ನನ್ನ ಯಾಕಮ್ಮ ಕೇಳ್ತೀಯ? ಇದು ನಾಟಕ ಅಲ್ಲವಲ್ಲ, ಅಳತೆ,” ಎಂದೆ. ನೀನು “ಸರಿ ಅಪ್ಪ” ಎಂದು ಇಟ್ಟೆ. ಅದೇ ಕೊನೆ.

ಅವತ್ತು ನನಗೆ ಒಂದು ಕಬ್ಬಿಣದ ಪಟ್ಟಿಗೂ ನಿನ್ನ ಲೆಕ್ಕಕ್ಕೂ ಇರುವ ನಂಟು ಹೊಳೆಯಲಿಲ್ಲ. ನಿಜವಾಗಿ ಹೊಳೆದದ್ದು ಈ ಸೋಮವಾರ, ಸಾಹೇಬರ ಕೊಠಡಿಯಲ್ಲಿ, ಟೀ ಲೋಟದ ತಳ ನೋಡುತ್ತಿದ್ದಾಗ.

ಮಂಗಳವಾರ ಮಧ್ಯಾಹ್ನಕ್ಕೆ ಮತ್ತೆ ನಿನ್ನ ಮುನ್ಸೂಚನೆ ಇತ್ತು. ಬ್ಯಾಟರಿ ರೂಮಿನಲ್ಲಿ ಡಿಸಿ ಅಳೆಯುವ ಕ್ಲಾಂಪ್ ಮೀಟರೊಂದಿದೆ, ಇಕ್ಕಳದ ಹಾಗೆ ಬಾಯಿ ತೆರೆದು ಪಟ್ಟಿಯನ್ನು ಕಚ್ಚುವಂಥದು. ಅದನ್ನು ತೆಗೆದುಕೊಂಡು, ಉದ್ದ ಕೈಗವಸು ಹಾಕಿಕೊಂಡು, ತಂಗಿಯ ಬೆನ್ನ ಹಿಂದೆ ಹೋದೆ. ಪರವಾನಗಿ ಇಲ್ಲದೆ ಹೋಗಬಾರದ ಜಾಗ. ಪಿಸುಮಾತು ಬೇಲಿಯ ಬಳಿ ನಿಂತು ನನಗೆ ಗೊತ್ತಿರುವ ಬೈಗುಳವನ್ನೆಲ್ಲ ಪಿಸುದನಿಯಲ್ಲೇ ಬೈದ. ಎರಡೂ ಹತ್ತಕ್ಕೆ ತಂಗಿ ಕೆಳಗಿನ ಷಡ್ಜ ಹಿಡಿದಳು. ಕ್ಲಾಂಪಿನಲ್ಲಿ ಹತ್ತು. ಇತ್ತ ನಿನ್ನ ಉಂಗುರದ ಅಂಕಿ ತೋರಿಸುವ ಗೋಡೆಯ ಪೆಟ್ಟಿಗೆಯಲ್ಲಿ ಎಂಟು. ಕೂಡಿದರೆ ಹದಿನೆಂಟು. ನಿನ್ನ ಮುನ್ಸೂಚನೆಯ ಹಾಳೆ ತೆಗೆದು ನೋಡಿದೆ: ಹದಿನೆಂಟೂವರೆ.

ಮಗಳೇ, ಆ ಅರ್ಧ ಆಂಪಿಯರನ್ನು ನನ್ನ ಮುದಿ ಕಣ್ಣಿನ ತಲೆಗೆ ಕಟ್ಟು. ಜಲ್ಲಿಯ ಮೇಲೆ ಮಂಡಿಯೂರಿ ಕೂತಿದ್ದವನು ಎದ್ದು ಚಪ್ಪಾಳೆ ತಟ್ಟಿದೆ. ರಬ್ಬರ್ ಕೈಗವಸಿನ ಚಪ್ಪಾಳೆ, ಸದ್ದೇ ಆಗಲಿಲ್ಲ. ಪಿಸುಮಾತು, “ಮೊದಲು ಹೊರಗೆ ಬನ್ನಿ, ಆಮೇಲೆ ಕುಣೀರಿ,” ಎಂದ.

ಇನ್ನೂ ಎರಡು ಸಲ ಅಳೆದೆ. ಮೂರೂ ಅಂಕಿಗಳು ಗಂಟೆ ನಿಮಿಷ ಸಮೇತ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿವೆ. ಬುಧವಾರವಿಡೀ ಕಾಗದ ಬರೆದು ಹರಿದೆ. ಇವತ್ತು ಹರಿಯುತ್ತಿಲ್ಲ.

ಶನಿವಾರ ನೀನು ತಪ್ಪೊಪ್ಪಿಗೆ ಓದಬೇಡ. ಈ ಮೂರು ಅಂಕಿ ಇಡು. ಎರಡನೆಯ ಪಟ್ಟಿಗೂ ಒಂದು ಉಂಗುರ ಬೇಕು ಎಂದು ಕೇಳು. ಎರಡರ ನಡುವೆ ಯಾವ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ ಎಂದು ಒಮ್ಮೆ ಸರಿಯಾಗಿ ಅಳೆದುಬಿಟ್ಟರೆ, ಸತ್ತುಬಿದ್ದಿರುವ ಎಂಟು ತಿಂಗಳ ಅಂಕಿಗ‌ಳೂ ಎದ್ದು ಕೂರುತ್ತವೆ ಎಂದು ನನ್ನ ದಡ್ಡ ತಲೆಗೆ ತೋಚುತ್ತದೆ. ಸರಿಯೋ ತಪ್ಪೋ ನೀನೇ ನೋಡು.

ನೋಟ್‌ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷದ ನೆಗಡಿಗಳಿವೆ. ಮೊದಲನೆಯದು ನಿನ್ನ ಕೈಬರಹ, ಮಿಕ್ಕ ಅರವತ್ತೆರಡು ನನ್ನವು. ನನ್ನ ಶಿಫ್ಟಿನವು ಮಾತ್ರ. ಉಳಿದ ಎರಡು ಶಿಫ್ಟಿನವರಿಗೆ ಕಿವಿ ಇರುವುದು ಕನ್ನಡಕ ಸಿಕ್ಕಿಸಲು. ಇದು ಅಳತೆ ಅಲ್ಲ ಎಂದು ನನಗೂ ಗೊತ್ತಿದೆ. ಆದರೂ ನಿನ್ನ ಬಳಿ ಭೂಮಿಯ ಕಾಂತ ನಡುಗಿದ ದಿನಗಳ ಹಳೆಯ ದಾಖಲೆ ಇರುತ್ತದಲ್ಲ, ಅದರ ಪಕ್ಕದಲ್ಲಿಟ್ಟು ನೋಡು. ಹತ್ತು ತಪ್ಪಿರಬಹುದು. ಅದರಲ್ಲಿ ಎರಡು ದಿನ ನೆಗಡಿಯಾಗಿದ್ದದ್ದು ಖಂಡಿತ ನನಗೇ.

ಒಂದು ಕೋರಿಕೆ. ಹೊಸ ಪಟ್ಟಿ ಹಾಕಿದ್ದು ಯಾರು ಎಂದು ಸಭೆಯಲ್ಲಿ ಕೇಳಿದರೆ, ಶಟ್‌ಡೌನಿನಲ್ಲಿ ಯಾರೋ ಹಾಕಿದ್ದಾರೆ ಎಂದುಬಿಡು. ಅಷ್ಟು ಸಾಕು, ಯಾರೋ ಎನ್ನುವವನು ಎಲ್ಲ ಆಫೀಸಿನಲ್ಲೂ ಇರುತ್ತಾನೆ. ನನ್ನ ನಿವೃತ್ತಿಗೆ ಇನ್ನು ಆರು ವಾರ. ಬೀಳ್ಕೊಡುಗೆಯ ದಿನ ನಾನು ಒಂದು ದೃಶ್ಯ ಅಭಿನಯಿಸಬೇಕೆಂದು ಸಾಹೇಬರೇ ಹೇಳಿದ್ದಾರೆ. ರಾಜನ ಪಾತ್ರ. ಜೀವಮಾನವೆಲ್ಲ ದ್ವಾರಪಾಲಕನಾಗಿದ್ದವನಿಗೆ ಕೊನೆಗೂ ಒಂದು ಕಿರೀಟ. ತಲೆಯ ಅಳತೆ ಕೊಟ್ಟಾಗಿದೆ. ಅಲ್ಲಿಯವರೆಗೆ ಆ ನೂರ ಮೂವತ್ತೆರಡು ಸಹಿಗಳು ಕಪಾಟಿನಲ್ಲೇ ಮಲಗಿರಲಿ.

ನಿನ್ನಮ್ಮ ಅಲ್ಲಿರುವಷ್ಟು ದಿನ ಅವಳ ಮೊಣಕಾಲಿಗೆ ಮೆಟ್ಟಿಲು ಹತ್ತಿಸಬೇಡ. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ಇಂತಿ ನಿನ್ನ ಪ್ರೀತಿಯ
ಅಪ್ಪ

ಮರೆತ ಮಾತು, ಸಂಜೆ ನಾಲ್ಕೂಮುಕ್ಕಾಲು, ಮನೆಯಿಂದ:

ಪರದೆ ಬಿದ್ದಿದೆ. ಸಭೆಯವರು ಎದ್ದು ಹೋಗಲಿ. ಇದು ನಿನಗೊಬ್ಬಳಿಗೆ.

ನೋಟ್‌ಪುಸ್ತಕವನ್ನು ಕೈಚೀಲಕ್ಕೆ ಹಾಕುವ ಮುನ್ನ ಒಂದು ಹಾಳೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ನಿನ್ನಮ್ಮ ಬ್ಯಾಗಿನ ಜಿಪ್ಪು ಎಳೆಯುತ್ತ, “ಹರಿಯೋದಾದ್ರೆ ಬೇಗ ಹರೀರಿ, ನಂಗೆ ಬಸ್ಸಿಗೆ ಹೊತ್ತಾಗುತ್ತೆ,” ಎಂದಳು. ಯಾವ ಹಾಳೆ, ಯಾಕೆ ಎಂದು ಕೇಳಲಿಲ್ಲ. ನಮ್ಮಿಬ್ಬರ ಮಾತು ಯಾಕೆ ನಿಂತಿತು ಎಂದು ಎಂಟು ತಿಂಗಳಲ್ಲಿ ಅವಳು ಒಮ್ಮೆಯೂ ಕೇಳಿಲ್ಲ ಎನ್ನುವುದು ಆಗ ನನ್ನ ಗಮನಕ್ಕೆ ಬಂತು.

ಹರಿಯಲಿಲ್ಲ. ಆ ಹಾಳೆಯ ಹಿಂಬದಿಯಲ್ಲಿ ಆಮೇಲಿನ ಎರಡು ದೊಡ್ಡ ಬಿರುಗಾಳಿಗಳಿವೆ, ನಿನಗೆ ಬೇಕಾದವು. ಮುಂಬದಿಯಲ್ಲಿ, ನೀನು ಫೋನು ಮಾಡಿದ ಆ ದಿನದ ತಾರೀಖಿನ ಕೆಳಗೆ, ಮೂರೂ ನಲವತ್ತಕ್ಕೆ ನಾನೇ ಬರೆದದ್ದಿದೆ: “ತಂಗಿಗೆ ನೆಗಡಿ, ಭಾರಿ. ಉಂಗುರ ಒಂಬತ್ತು ಎನ್ನುತ್ತಿದೆ. ಅರ್ಧ ಹೊಸ ಪಟ್ಟಿಯಲ್ಲಿ ಹೋಗುತ್ತಿದೆ.”

ಮೂರೂ ನಲವತ್ತು. ನಿನ್ನ ಫೋನು ಬಂದದ್ದು ಐದಕ್ಕೆ.

ಸೋಮವಾರ ಹೊಳೆಯಿತು ಎಂದು ಮೇಲೆ ಬರೆದದ್ದು ಸುಳ್ಳು. ಗೊತ್ತಿದ್ದೂ ಏನೂ ಬದಲಾಗಿಲ್ಲ ಎಂದೆ. ಸಹಿಗಳ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಭಯಕ್ಕಿಂತ ಮುಂಚೆ ಬಂದದ್ದು ಬೇರೆ. ಫೋನಿನಲ್ಲಿ ನಿನ್ನ ದನಿ ಸಣ್ಣದಾದದ್ದು ಕೇಳಿ ನನಗೆ ಸಂತೋಷವಾಯಿತು. ಯಾರ್ಡಿನಲ್ಲಿ ನಾಲ್ಕು ಜನರ ಮುಂದೆ ನಾನು ಬಿದ್ದಿದ್ದೆನಲ್ಲ, ಈಗ ನೀನೂ ಬಿದ್ದೆ ಎಂದು. ಒಂದು ಸಂಜೆಯ ಸಂತೋಷ. ಮಾರನೆಯ ದಿನ ನಾನೇ ಫೋನು ಮಾಡಬೇಕಿತ್ತು. ಆ ಒಂದು ದಿನ ಕಳೆದ ಮೇಲೆ, ನಿನ್ನೆ ಯಾಕೆ ಹೇಳಲಿಲ್ಲ ಎಂದು ನೀನು ಕೇಳಿಬಿಡುತ್ತೀಯೆಂದು ಫೋನಿನಿಂದ ದೂರವೇ ಉಳಿದೆ. ಹಾಗೆ ದಿನ ದಿನ ಸೇರಿ ಎಂಟು ತಿಂಗಳಾಯಿತು.

ಅದಕ್ಕೇ ಆ ಕೋರಿಕೆಯನ್ನು ಹೊಡೆದುಹಾಕು. ಯಾರೋ ಎನ್ನಬೇಡ. ನನ್ನ ಅಪ್ಪ ಹಾಕಿದ, ಕೇಳಿದಾಗ ಸುಳ್ಳು ಹೇಳಿದ ಎಂದೇ ಹೇಳು. ಇಲ್ಲದಿದ್ದರೆ ಇಷ್ಟು ದಿನ ಉಂಗುರ ತಪ್ಪು ತೋರಿಸಿದ್ದು ನಿನ್ನ ಅಜಾಗರೂಕತೆ ಎಂದಾಗುತ್ತದೆ. ಪುಸ್ತಕವನ್ನು ಸಭೆಯ ಮೇಜಿನ ಮೇಲೆ ಇಡುವಾಗ ಆ ಪುಟವನ್ನೂ ತೆರೆದಿಡು. ಪಿಸುಮಾತಿನ ಹೆಸರು ಮಾತ್ರ ಬೇಡ. ಅವನು ಬೋಲ್ಟು ಹಿಡಿದುಕೊಂಡಿದ್ದ, ಬಿಗಿದವನು ನಾನು.

ನಾಳೆ ಬೆಳಿಗ್ಗೆ ಎಂಟಕ್ಕೆ, ಶಿಫ್ಟಿಗೆ ಮುಂಚೆ, ಹನ್ನೊಂದು ವರ್ಷದ ಫಾರಮ್ಮುಗಳನ್ನು ಕಪಾಟಿನಿಂದ ಇಳಿಸಿ, ಎರಡು ಕೈಯಲ್ಲೂ ಹೊತ್ತುಕೊಂಡು ದೊಡ್ಡ ಸಾಹೇಬರ ಕೊಠಡಿಗೆ ಹೋಗುತ್ತೇನೆ. ನಾಟಕದ ಹಾಗೆ ಕೈ ಬೀಸುವುದಕ್ಕೆ ಕೈ ಖಾಲಿ ಇರಬಾರದು. ಬಾಗಿಲು ಹಾಕಿಕೊಂಡು, ಪಿಸುಮಾತಿನವನಷ್ಟೇ ಸಣ್ಣ ದನಿಯಲ್ಲಿ, ಅವರಿಗೆ ಎಲ್ಲವನ್ನೂ ಹೇಳುತ್ತೇನೆ.